ಮುದುಕಿ ಕೂತ ಗಡಿಕಲ್ಲು

"ರಾಜನ ತಲೆ ಹೋದ್ರೆ ನೆಲವೆಲ್ಲ ನಿಮ್ಮಪ್ಪಂದಾಯ್ತೇನ್ರೋ, ಬೋಳಿಮಕ್ಳಾ?"

ಧಣಿ ಸರ್ ಅಂಬ್ರೋಸನ ಪಾರುಪತ್ಯಗಾರ ಕ್ರಿಸ್ಪಿನ್ ಬೈಯುತ್ತಾ, ಬೀನ್ಸ್ ಸಸಿಗಳನ್ನು ಬೂಟುಗಾಲಲ್ಲಿ ಹೊಸಕುತ್ತಿದ್ದ. ಒಂಬತ್ತು ಗುಡಿಸಲುಗಳ ಚಳಿಗಾಲದ ಕೂಳು ಅದು. ನೆಲ ದೇವರದು, ಆದ್ದರಿಂದ ಎಲ್ಲರದು ಎಂದು ಸಾರಿದ ಚಮ್ಮಾರ ಎಜ್ರಾನ ಮಾತು ನಂಬಿ ಆ ಗುಡಿಸಲುಗಳ ಬಡವರು ಊರಿನ ಗೋಮಾಳ ಅಗೆದಿದ್ದರು. ಹೋದ ತಿಂಗಳು ಧಣಿ ಹಾಕಿಸಿದ ಹೊಸ ಬೇಲಿ ಗುಡಿಸಲುಗಳನ್ನೂ ಒಳಗೆ ನುಂಗಿತ್ತು.

"ಅಣ್ಣಾ, ಆದಿಯಲ್ಲಿ ದೇವರು..." ಎಜ್ರಾ ಶುರುಮಾಡಿದ.

"ಆದಿ ಗೀದಿ ಬಿಡೋ. ಬೇಲಿಯಿಂದ ಈಚೆಗೆ ಧಣೀರದು. ನಾಳೆ ಗುಡಿಸ್ಲಿಗೆ ಬೆಂಕಿ."

ತಾಮಸಿನ್ ಮುದುಕಿ ಗುದ್ದಲಿ ಊರಿ ನಿಂತಳು. "ಇವತ್ತು ಗಡಿ ಸುತ್ತೋ ದಿನ ಅಲ್ವೇನಪ್ಪ? ಕಲ್ಲು ಎಲ್ಲೈತೆ ಅಂತ ನನ್ನ ಕುಂಡೀನ ಕೇಳು."

ವರ್ಷಕ್ಕೊಮ್ಮೆ ಪಾದ್ರಿಯ ಹಿಂದೆ ಊರೇ ಗಡಿ ಸುತ್ತಬೇಕು. ಮರೆಯದಿರಲೆಂದು ಒಂದೊಂದು ಕಲ್ಲಿನ ಮೇಲೂ ಮಕ್ಕಳ ಕುಂಡಿ ಕುಕ್ಕಬೇಕು. ಅಡ್ಡ ಬಂದದ್ದನ್ನು ಮುರಿದುಕೊಂಡೇ ಹೋಗಬೇಕು. ರಾಜನ ತಲೆ ತೆಗೆದ ಯುದ್ಧದ ಗಲಾಟೆಯಲ್ಲಿ ನಿಂತುಹೋಗಿದ್ದ ಪದ್ಧತಿಯನ್ನು ಈ ಸಲ ಧಣಿಯೇ ಬಿಯರ್ ಕೊಟ್ಟು ಎಬ್ಬಿಸಿದ್ದ. ಬೇಲಿಯೇ ಗಡಿ ಎನ್ನಲು ಅವನಿಗೆ ಊರಿನ ಸಾಕ್ಷಿ ಬೇಕಿತ್ತು.

ಮಧ್ಯಾಹ್ನ ಪಾದ್ರಿ, ಧಣಿ ಮುಂದಾಗಿ ಮೆರವಣಿಗೆ ಬೇಲಿಗೆ ಬಂತು.

"ಇದೇ ಗಡಿ," ಎಂದ ಕ್ರಿಸ್ಪಿನ್.

"ಕಲ್ಲು ತೋರ್ಸಪ್ಪ. ಇಲ್ವಾ? ಬನ್ನಿ ಪಾದ್ರಿಗಳೇ. ಚಿಕ್ಕೋಳಿದ್ದಾಗ ಕಲ್ಲಿನ್ಮೇಲೆ ನನ್ನ ಕುಕ್ಕಿದ್ದು ನಿಮ್ಮಪ್ಪನೇ," ಎಂದಳು ತಾಮಸಿನ್.

ಬಿಯರ್ ಏರಿದ ಊರು ಬೇಲಿ ಮುರಿಯಿತು. ಮುದುಕಿ ಗುಡಿಸಲುಗಳನ್ನು ದಾಟಿ, ಧಣಿಯ ಎಲೆಕೋಸಿನ ತೋಟ ತುಳಿದು, ಅವನ ಪಾರಿವಾಳದ ಗೂಡಿನ ಮುಂದೆ ನಿಂತಳು. ಮೆಟ್ಟಿಲಿನ ಪಾಚಿ ಕೆರೆದಳು. ಗಡಿಕಲ್ಲಿನ ಶಿಲುಬೆ ಗುರುತು ಕಂಡಿತು.

"ಕೀಳೋ ಸೋಮಾರಿತನಕ್ಕೆ ನೆಟ್ಟಲ್ಲೇ ಮೆಟ್ಟಿಲು ಮಾಡ್ಕೊಂಡವ್ರೆ!" ಧೊಪ್ಪನೆ ಕೂತಳು. "ಅಯ್ಯೋ, ಇದೇ ಕಣ್ರೋ. ಮೊನೆ ಇನ್ನೂ ಚುಚ್ತೈತೆ! ಓದಿ ಪಾದ್ರಿಗಳೇ."

ಕಲ್ಲಿನ ಬಳಿ ಓದಬೇಕಾದದ್ದು ಒಂದೇ: ಗಡಿ ಒತ್ತಿದವನಿಗೆ ಶಾಪ. ಪಾದ್ರಿ ಬೆವರುತ್ತಾ ಓದಿದ. ಎಲ್ಲರಿಗಿಂತ ಮೊದಲು, ರೂಢಿಬಲದಿಂದ, "ಆಮೆನ್" ಎಂದವನು ಧಣಿಯೇ.

ಊರು ಬಿದ್ದು ಬಿದ್ದು ನಕ್ಕಿತು. ಧಣಿ ನಗಲಿಲ್ಲ. "ಎಬ್ಬಿಸೋ ಆ ಹಾದರಗಿತ್ತೀನ!"

ಕ್ರಿಸ್ಪಿನ್ ಚಾಟಿ ಬಿಚ್ಚಿದ. ಎಜ್ರಾ ಉಪದೇಶಕ್ಕೆ ಬಾಯಿ ತೆರೆದ.

"ಬಾಯ್ಮುಚ್ಕೊಂಡು ಅಗಿ ಮಗಾ," ಎಂದು ತಾಮಸಿನ್ ಗುದ್ದಲಿ ಅವನ ಕೈಗಿತ್ತಳು. ಮಡಿಲಿನ ಬೀನ್ಸ್ ಕಾಳೊಂದನ್ನು ಎಲೆಕೋಸಿನ ಸಾಲಿನಲ್ಲಿ ಹೆಬ್ಬೆರಳಿಂದ ಊರಿದಳು. ಕ್ರಿಸ್ಪಿನ್ನನ ನೆರಳು ಮೇಲೆ ಬಿದ್ದಾಗ ತಲೆಯೆತ್ತಿದಳು.

"ಹೊಡಿಯಪ್ಪ. ಹೊಡೆದಷ್ಟೂ ನೆನಪು ಗಟ್ಟಿ. ಆದ್ರೆ ಮಕ್ಳನ್ನ ಹತ್ರ ಕರಿ, ಕಲ್ಲು ಎಲ್ಲೈತೆ ಅಂತ ನೋಡ್ಲಿ."

ಮಕ್ಕಳು ಆಗಲೇ ಸುತ್ತ ನಿಂತಿದ್ದರು.