ನಂತುದಾ ಸುರಿದ ಐಸು

ನಮ್ಮ ಪಾಡಾದ, ಅಂದರೆ ನಮ್ಮ ಕೇರಿಯ, ಕ್ಲಬ್ಬಿನ ಕಾರ್ಯದರ್ಶಿ ನಂತುದಾ ಹನ್ನೊಂದು ವರ್ಷಗಳಿಂದ ರಕ್ತದಾನ ಶಿಬಿರ ನಡೆಸುತ್ತಿದ್ದಾರೆ. ಎಲ್ಲ ಶಿಬಿರದ ಫೋಟೊಗಳಲ್ಲೂ ಹಾರ ಹಾಕಿಕೊಂಡು ನಿಂತಿದ್ದಾರೆ. ರಕ್ತ ಕೊಡಲು ಮಂಚದ ಮೇಲೆ ಮಲಗಿದ ಫೋಟೊ ಮಾತ್ರ ಒಂದೂ ಇಲ್ಲ.

ಈ ಸಲ ರಕ್ತನಿಧಿಯಿಂದ ಹೋದವಳು ನಾನು. ಎಲ್ಲರಿಗಿಂತ ಮೊದಲು ಬಂದು ಮಲಗಿದವನು ಮೀನು ಮಾರುವ ಗೋಷ್ಠ. ಅವನ ಎರಡು ವರ್ಷದ ಮಗಳು ಟುಂಪಾ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿದ್ದಳು. ಬೆಳಗಿನಿಂದ ಒಸಡಿನಲ್ಲಿ ರಕ್ತ. ಅವಳಿಗೆ ಬೇಕಾದ ಪ್ಲೇಟ್‌ಲೆಟ್ ನಮ್ಮಲ್ಲಿ ಒಂದು ಚೀಲವೂ ಉಳಿದಿರಲಿಲ್ಲ. ಶಿಬಿರದ ರಕ್ತದಿಂದ ಸಂಜೆಯೊಳಗೆ ತೆಗೆದುಕೊಡುತ್ತೇನೆಂದು ಮಾತು ಕೊಟ್ಟಿದ್ದೆ.

ಕೊನೆಯವರ ತೂಕ ನೋಡಿ ತಿರುಗಿದರೆ, ನಂತುದಾ ಫೋಟೊಗೆ ನಗುತ್ತ ನಲವತ್ತೆರಡು ರಕ್ತದ ಚೀಲಗಳ ಮೇಲೆ ಪುಡಿ ಐಸು ಸುರಿಯುತ್ತಿದ್ದರು. ಗೋಷ್ಠನ ಅಂಗಡಿಯಿಂದಲೇ ತರಿಸಿದ ಐಸು.

“ನಂತುದಾ, ಐಸು ಬೇಡ...”

“ಏನಮ್ಮಾ, ಗಂಟಲಲ್ಲಿ ಮೀನಿನ ಮುಳ್ಳಾ? ಜೋರಾಗಿ ಹೇಳು.”

“ಕೆಟ್ಟುಹೋಗತ್ತೆ.”

ನಂತುದಾ ಮೈಕು ಎತ್ತಿಕೊಂಡರು. “ಕೇಳಿದ್ರೇನ್ರೋ! ಐಸಲ್ಲಿ ಇಲಿಶ್ ಮೀನು ಕೆಡಲ್ಲ, ರಕ್ತ ಕೆಡತ್ತಂತೆ! ಬಿಎಸ್ಸಿಯಲ್ಲಿ ಇದನ್ನೇ ಓದಿದ್ದಾ?”

ಕ್ಲಬ್ಬಿನವರೆಲ್ಲ ನಕ್ಕರು. ಗೋಷ್ಠ ನಗಲಿಲ್ಲ. “ಹೌದಾ ದಿದಿ? ಐಸು ನಾನೇ ಹೊತ್ತು ತಂದ್ನಲ್ಲ...”

ಹುಟ್ಟಿದಾರಭ್ಯ ಮೈಕು ಮುಟ್ಟದ ನಾನು ಅದನ್ನು ನಂತುದಾರ ಕೈಯಿಂದ ಕಿತ್ತುಕೊಂಡೆ.

“ರಕ್ತ ಅಂದ್ರೆ ಬರೀ ಕೆಂಪು ನೀರಲ್ಲ. ಕೆಂಪು ಕಣ ನಾವು ಎಳ್ಕೊಂಡ ಉಸಿರನ್ನ ಮೈಗೆಲ್ಲ ಮುಟ್ಟಿಸತ್ತೆ. ಅದಕ್ಕೆ ತಂಪು ಒಗ್ಗತ್ತೆ. ಬಿಳಿ ಕಣ ರೋಗದ ಜೊತೆ ಬಡಿದಾಡತ್ತೆ. ಪ್ಲಾಸ್ಮಾ ಅನ್ನೋ ಹಳದಿ ನೀರು ಇವನ್ನೆಲ್ಲ ಹೊತ್ಕೊಂಡು ಹರಿಯತ್ತೆ. ಪ್ಲೇಟ್‌ಲೆಟ್ ಓಡಿಬಂದು ಗಾಯದ ಬಾಯಿ ಮುಚ್ಚತ್ತೆ, ಐಸಿಗಿಟ್ರೆ ಕೆಲಸಕ್ಕೆ ಬರಲ್ಲ. ಟುಂಪಾಗೆ ಬೇಕಾಗಿದ್ದು ಅದೇ. ನಂತುದಾ ನಲವತ್ತೆರಡು ಚೀಲದಲ್ಲೂ ಅದನ್ನ ಹಾಳು ಮಾಡಿದ್ರು. ಹನ್ನೊಂದು ಕಿಲೋ ಮಗು, ಇನ್ನೊಂದು ಚೀಲ ಸಾಕು. ನನ್ನ ತೂಕ ಸಾಲಲ್ಲ. ಕ್ಲಬ್ಬಲ್ಲಿ ಕೊಡದೆ ಉಳಿದವರು ನಂತುದಾ ಒಬ್ಬರೇ, ಕ್ಲಬ್ಬಿನ ಪಟ್ಟಿ ಪ್ರಕಾರ ಅವರ ರಕ್ತದ ಗುಂಪು ಮಗೂಗೆ ಹೊಂದತ್ತೆ. ಈಗ ಅವರು ಕೊಡ್ತಾರೆ.”

ನಂತುದಾ ಬಿಳಿಚಿಕೊಂಡರು. “ನಂಗೆ ಶುಗರ್ ಇದೆ...”

“ಯಾವಾಗಿಂದ?” ಅವರ ಹೆಂಡತಿ ಕುರ್ಚಿಯಿಂದಲೇ ಕೂಗಿದರು. “ಬೆಳಗ್ಗೆ ಆರು ರಸಗುಲ್ಲ ನುಂಗಿದ್ರಲ್ಲ!”

ಪರೀಕ್ಷಿಸಿದೆ. ಶುಗರ್ ಇರಲಿಲ್ಲ. ಇದ್ದದ್ದು ಹೆದರಿಕೆ ಮಾತ್ರ. ಸೂಜಿ ಕಾಣುವ ಮೊದಲೇ “ಅಮ್ಮಾ” ಎಂದರು. ಆ ಚೀಲವನ್ನು ಐಸಿನ ಹತ್ತಿರ ಬಿಡದೆ, ವ್ಯಾನಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋದೆ. ರಕ್ತನಿಧಿಯ ಯಂತ್ರ ತಿರುಗಿ ರಕ್ತ ಪದರಪದರವಾಗಿ ಬೇರೆಬೇರೆಯಾಯಿತು. ಹನ್ನೊಂದು ವರ್ಷದ ಜಂಬ ಯಾವ ಪದರದಲ್ಲಿತ್ತೋ, ನನಗೆ ಕಾಣಲಿಲ್ಲ. ಸಂಜೆ ಟುಂಪಾಗೆ ಪ್ಲೇಟ್‌ಲೆಟ್ ಏರಿಸಿದರು.

ಮರುದಿನ ಬೆಳಗ್ಗೆ ಗೋಷ್ಠ ಬಂದ. ಒಸಡಿನ ರಕ್ತ ನಿಂತಿತ್ತು. ಅವನೆದುರಿಗೇ ನಂತುದಾರ ಫೋನು ಬಂತು. ಮಗು ಹೇಗಿದೆ ಎಂದು ಕೇಳಲಿಲ್ಲ.

“ನಾನು ಮಲಗಿದ್ದಾಗ ಯಾರಾದ್ರೂ ಫೋಟೊ ತೆಗೆದ್ರಾ?”

“ಇಲ್ಲ” ಎಂದೆ.

ತೆಗೆದಿದ್ದರು. ಗೋಷ್ಠನ ಮೊಬೈಲಿನಲ್ಲಿದೆ. ಕಣ್ಣರಳಿಸಿ, ಬಾಯಿ ತೆರೆದು, ಅವನ ಅಂಗಡಿಯ ಐಸಿನ ಮೇಲಿನ ಬಾಳೆಮೀನಿನ ಹಾಗೆ.