ಹೂತರೆ ಉಳಿಯುವ ಗೋಡೆ

ನವೆಂಬರ್ ಮೊದಲ ವಾರ ಬಂತೆಂದರೆ ತೂತ್‌ಕಲಾ ಊರಿನಲ್ಲಿ ಯಾರನ್ನೂ ಮನೆಯೊಳಗೆ ಹುಡುಕಬೇಕಾಗಿಲ್ಲ, ಎಲ್ಲರೂ ಹಿತ್ತಿಲಲ್ಲಿ ಬಗ್ಗಿರುತ್ತಾರೆ. ದ್ರಾಕ್ಷಿ ಬಳ್ಳಿಯನ್ನು ಚಪ್ಪರದಿಂದ ಇಳಿಸಿ, ಸುರುಳಿ ಸುತ್ತಿ, ನೆಲಕ್ಕೆ ಒತ್ತಿ ಮಣ್ಣು ಮುಚ್ಚಬೇಕು. ಇಲ್ಲದಿದ್ದರೆ ಜನವರಿಯ ಹಿಮಕ್ಕೆ ಬಳ್ಳಿ ಸುಟ್ಟು ಕರಕಲಾಗುತ್ತದೆ. ಮುಹಯ್ಯೊ ಆ ಬೆಳಿಗ್ಗೆ ಐದನೆಯ ಬಳ್ಳಿ ಹೂಳಿ, ಗುದ್ದಲಿ ಗೋಡೆಗಾನಿಸಿ, ತಣ್ಣಗಾಗಿದ್ದ ಹಸಿರು ಚಹಾ ಹೀರುತ್ತ ಕೂತಿದ್ದಳು.

ಮೂವತ್ತೆರಡು ವರ್ಷ ಊರ ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟವಳು. ನಿವೃತ್ತಿಯಾಗಿ ನಾಲ್ಕು ವರ್ಷ ಕಳೆದರೂ ಊರಿಗೆ ಆಕೆ ಇನ್ನೂ ‘ಮುಅಲ್ಲಿಮಾ’, ಅಂದರೆ ಟೀಚರಮ್ಮ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕು ಎಂದು ಮಕ್ಕಳಿಗೆ ಸಾವಿರ ಸಲ ಹೇಳಿದ್ದಳು. ಹೇಳುವುದಕ್ಕೇನು, ಎಲ್ಲರೂ ಹೇಳುತ್ತಾರೆ.

ಫೋನು ಗುನುಗಿತು. ರಾಜಧಾನಿ ದುಶಾಂಬೆಯಲ್ಲಿರುವ ತಮ್ಮನ ಮಗ ಬೆಹ್ರೂಜ್ ಒಂದು ವಿಡಿಯೊ ಕಳಿಸಿದ್ದ. ಊರಾಚೆಯ ಹಳೇ ಮಣ್ಣಿನ ಕೋಟೆ. ಮೂರು ಬೇಸಿಗೆಯ ಹಿಂದೆ ಅಗೆಯುವ ತಂಡದವರು ಅಲ್ಲಿ ಬಣ್ಣದ ಚಿತ್ರವಿರುವ ಗೋಡೆಯೊಂದನ್ನು ಹೊರತೆಗೆದಿದ್ದರು. ಸಾವಿರದ ಮುನ್ನೂರು ವರ್ಷದ ಹಿಂದಿನ ವಾದ್ಯದ ಹೆಂಗಸರು, ಅದರಲ್ಲೊಬ್ಬಳು ತಂತಿ ಮೀಟುತ್ತ ಮುಖ ಓರೆ ಮಾಡಿ ನಗುತ್ತಿದ್ದಳು. ಮುಹಯ್ಯೊ ವಾರಕ್ಕೆರಡು ಸಲ ಹೋಗಿ ಅವಳನ್ನು ನೋಡಿ ಬರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ನಗುವೊಂದೇ ಆಕೆಯ ಮನಸ್ಸು ಹಗುರ ಮಾಡುತ್ತಿತ್ತು. ಈಗ ವಿಡಿಯೊದಲ್ಲಿ ಒಂದು ಟ್ರ್ಯಾಕ್ಟರ್ ಅದೇ ಗೋಡೆಯ ಮೇಲೆ ಮಣ್ಣು ನೂಕುತ್ತಿತ್ತು. ಕೆಳಗೆ ಬರೆದಿತ್ತು: ‘ಹೋಟೆಲ್ ಕಟ್ಟಲು ನಮ್ಮ ಪೂರ್ವಜರ ಗೋಡೆಯನ್ನೇ ಸಮಾಧಿ ಮಾಡುತ್ತಿದ್ದಾರೆ. ಊರವರು ಎದ್ದರೆ ಮಾತ್ರ ಉಳಿದೀತು.’

ಟ್ರ್ಯಾಕ್ಟರಿಗೆ ಕೈ ಬೀಸಿ ದಾರಿ ತೋರಿಸುತ್ತಿದ್ದವನು ಉಸ್ತಾ ಸಂಗಿನ್. ಊರಿನವನೇ, ಮಣ್ಣಿನ ಕೆಲಸದ ‘ಉಸ್ತಾ’, ಅಂದರೆ ಮೇಸ್ತ್ರಿ, ತಂಡ ಹೊರಟುಹೋದ ಮೇಲೆ ಕೋಟೆಯ ಉಸ್ತುವಾರಿ ಅವನದೇ. ಆಕೆಯ ಬೆರಳು ಫೋನಿನಲ್ಲಿ ಅವನ ಹೆಸರಿನ ಮೇಲೆ ಒಂದು ಗಳಿಗೆ ನಿಂತಿತು. ಕಳ್ಳನ ಹತ್ತಿರ ಹೋಗಿ ಕದ್ದೆಯಾ ಎಂದು ಕೇಳುವುದುಂಟೆ, ಅಂದುಕೊಂಡಳು. ವಿಡಿಯೊವನ್ನು ಊರ ಗುಂಪಿಗೆ ಹಾಕಿ ಬರೆದಳು: ‘ನನ್ನ ಹತ್ತಿರ ಓದಿದವರೆಲ್ಲ ಗುದ್ದಲಿ ಹಿಡಿದು ಕೋಟೆಗೆ ಬನ್ನಿ. ಹಶರ್.’

ಹಶರ್ ಎಂದರೆ ಊರೆಲ್ಲ ಸೇರಿ ಕೂಲಿಯಿಲ್ಲದೆ ಮಾಡುವ ಕೆಲಸ. ಹಿರಿಯರು ಕರೆದ ಮೇಲೆ ಯಾಕೆ, ಏನು ಎಂದು ಕೇಳುವ ಪದ್ಧತಿಯಿಲ್ಲ. ಕೇಳಿದವನನ್ನು ಸೋಮಾರಿ ಅನ್ನುತ್ತಾರೆ. ಹಾಗಾಗಿ ಯಾರೂ ಕೇಳಲಿಲ್ಲ. ಗಂಟೆಯೊಳಗೆ ಅರವತ್ತು ಜನ ಕೋಟೆಯಲ್ಲಿದ್ದರು.

ಸಂಗಿನ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಸೊಂಟದೆತ್ತರದವರೆಗೆ ಮಣ್ಣು ಬಿದ್ದಾಗಿತ್ತು.

“ಉಸ್ತಾ, ಹೋಟೆಲಲ್ಲಿ ನಿಂಗೆ ಯಾವ ರೂಮು ಕೊಡ್ತಾರಂತೆ?” ಎಂದ ರೊಟ್ಟಿ ಸುಡುವ ತಬರ್. ಜನ ನಕ್ಕರು.

“ಯಾವ ಹೋಟೆಲಪ್ಪಾ? ಚಳಿಗಾಲಕ್ಕೆ ಮುಚ್ತಾ ಇದೀವಿ. ಇದು ಹಸಿ ಇಟ್ಟಿಗೆ ಗೋಡೆ. ಹಿಮ ಬಿದ್ದು ಕರಗಿದ್ರೆ ಕೆಸರು. ಮೊದಲು ಬಟ್ಟೆ ಹೊದಿಸಿದೀವಿ, ಅದರ ಮೇಲೆ ಜರಡಿ ಹಿಡಿದ ಮಣ್ಣು. ಮೇ ತಿಂಗಳಲ್ಲಿ ಮತ್ತೆ ತೆಗೀತೀವಿ.”

“ಹೋದ ವರ್ಷ, ಅದರ ಹಿಂದಿನ ವರ್ಷ ಮುಚ್ಚಿರಲಿಲ್ವಲ್ಲ?” ಎಂದ ತಬರ್.

“ಆಗ ತಗಡಿನ ಮಾಡು ಇತ್ತು. ಏಪ್ರಿಲ್ ಗಾಳಿಗೆ ಹಾರಿಹೋಯ್ತಲ್ಲ, ನಿನ್ನ ಅಂಗಳಕ್ಕೇ ಬಿದ್ದಿತ್ತು.”

“ಕಾಗದ ತೋರ್ಸು ಹಾಗಾದ್ರೆ.”

“ಕಾಗದ ತಂಡದ ಯಜಮಾನರ ಹತ್ರ ಇದೆ. ಅವರು ಹೊರದೇಶಕ್ಕೆ ಹೋಗಿದಾರೆ, ಹತ್ತು ದಿನ ತಡೀರಿ.”

“ಹತ್ತು ದಿನದಲ್ಲಿ ಹೋಟೆಲ್ ಮೊದಲನೇ ಮಹಡಿ ಎದ್ದಿರತ್ತೆ.” ಮತ್ತೆ ನಗು.

ಸಂಗಿನ್ ಜನರನ್ನು ಬಿಟ್ಟು ಮುಹಯ್ಯೊಳತ್ತ ತಿರುಗಿದ. “ಮುಅಲ್ಲಿಮಾ, ನಿಮ್ಮ ಅಂಗಿ ತೋಳಿಗೆ ಮಣ್ಣಾಗಿದೆ. ಬೆಳಿಗ್ಗೆಯಿಂದ ಏನ್ ಮಾಡ್ತಿದ್ರಿ?”

“ಬಳ್ಳಿ ಹೂಳ್ತಿದ್ದೆ.”

“ಸಾಯಿಸೋಕೆ ಹೂಳ್ತಿದ್ರಾ?”

ಆ ಮಾತು ನೇರವಾಗಿ ಒಳಗಿಳಿಯಿತು. ಆಕೆಗೆ ಎಲ್ಲವೂ ಅರ್ಥವಾಯಿತು. ಬಟ್ಟೆಯ ಅಂಚು ಮಣ್ಣಿನಿಂದ ಇಣುಕುತ್ತಿದ್ದುದು, ಪಕ್ಕದಲ್ಲಿ ಜರಡಿ ಬಿದ್ದಿದ್ದುದು ಆಗ ಕಣ್ಣಿಗೆ ಬಿತ್ತು. ವಿಡಿಯೊ ಸುಳ್ಳಲ್ಲ, ಅದರ ಕೆಳಗಿನ ಮಾತು ಸುಳ್ಳು. ತಪ್ಪಾಯ್ತು, ಮನೆಗೆ ಹೋಗೋಣ ಅನ್ನಬೇಕಿತ್ತು, ಅಷ್ಟೇ. ಆದರೆ ಸುತ್ತ ಅರವತ್ತು ಜನ, ಅರ್ಧದಷ್ಟು ಜನ ಆಕೆಯ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು, ಫೋನು ಎತ್ತಿ ಹಿಡಿದಿದ್ದರು. ಅವರೆದುರು ಗಾರೆ ಕೆಲಸದವನೊಬ್ಬ ಆಕೆಗೆ ಪಾಠ ಹೇಳಿದ್ದ.

“ಬಳ್ಳಿ ಬೇರೆ, ಗೋಡೆ ಬೇರೆ,” ಎಂದಳು ಮುಹಯ್ಯೊ. “ಅಗೀರಿ.”

ಅಗೆದರು. ಅವಸರದ ಗುದ್ದಲಿಗೆ ಬಟ್ಟೆ ಯಾವುದು, ಬಣ್ಣ ಯಾವುದು? ಚಿತ್ರದಲ್ಲಿನ ಒಬ್ಬಳ ಭುಜ ಚಕ್ಕೆಯೆದ್ದು ಉದುರಿತು. “ಟ್ರ್ಯಾಕ್ಟರಿಂದ ಆಗಿದ್ದು,” ಎಂದು ಯಾರೋ ತೀರ್ಪು ಕೊಟ್ಟರು. ಕೊನೆಗೆ ತಂತಿ ಮೀಟುವವಳ ಮುಖ ಕಂಡಾಗ ಎಲ್ಲರೂ ಚಪ್ಪಾಳೆ ತಟ್ಟಿ, ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಮತ್ತೆ ಯಾರೂ ಮುಚ್ಚದಂತೆ ಸರದಿಯ ಮೇಲೆ ಕಾವಲು ಕೂತರು. ಸಂಗಿನ್ ಎರಡು ಸಲ ಬಂದು, ತಾಡಪಾಲಾದರೂ ಹೊದಿಸಿ ಎಂದು ಬೇಡಿದ. ಕಾವಲಿನವರು ಅವನನ್ನು ಹತ್ತಿರಕ್ಕೆ ಬಿಡಲಿಲ್ಲ.

ನಾಲ್ಕನೆಯ ದಿನ ಮಳೆ. ಆರನೆಯ ದಿನ ಹಿಮ. ಏಳನೆಯ ದಿನ ಒಳ್ಳೆಯ ಬಿಸಿಲು. ಮುಹಯ್ಯೊ ಓಡಿಹೋಗಿ ನೋಡುವಷ್ಟರಲ್ಲಿ ಗೋಡೆ ಅರ್ಧಕ್ಕೆ ಕುಸಿದಿತ್ತು. ಆ ಮುಖವಿದ್ದ ಕಡೆ ಕೆಂಪು, ನೀಲಿ ಬೆರೆತ ಕೆಸರು. ಕೈಯಲ್ಲಿ ತೆಗೆದುಕೊಂಡರೆ ಬೆರಳ ಸಂದಿಯಿಂದ ಜಾರಿ ಬಿತ್ತು. ಕಾವಲಿನವರು ಚಳಿಗೆ ಹೆದರಿ ಹಿಂದಿನ ದಿನವೇ ಮನೆ ಸೇರಿದ್ದರು.

ಹತ್ತನೆಯ ದಿನ ಯಜಮಾನರು ಕಾಗದದೊಡನೆ ಬಂದರು. ಕಾಗದದಲ್ಲಿ ಸಂಗಿನ್ ಹೇಳಿದ್ದೇ ಇತ್ತು. ಆದರೂ ಗೋಡೆ ಕಾಯಬೇಕಾದವನು ಕಾಯಲಿಲ್ಲವೆಂದು ಅವನನ್ನೇ ಕೆಲಸದಿಂದ ಬಿಡಿಸಿದರು. ಊರು ಅದನ್ನೂ ತನಗೆ ಬೇಕಾದಂತೆ ಓದಿಕೊಂಡಿತು. ಕಳ್ಳನಲ್ಲದಿದ್ದರೆ ಯಾಕೆ ಬಿಡಿಸುತ್ತಿದ್ದರು?

ಮುಹಯ್ಯೊ ಬೆಹ್ರೂಜನಿಗೆ ಫೋನು ಮಾಡಿದಳು. “ಆ ಹೋಟೆಲ್ ವಿಷ್ಯ ಯಾರು ಹೇಳಿದ್ದೋ?”

“ಯಾರೋ ಹಾಕಿದ್ರು ಅತ್ತೆ, ನಾನೂ ಕಳಿಸ್ದೆ. ನಾಲ್ಕು ಲಕ್ಷ ಜನ ನೋಡಿದಾರೆ ಗೊತ್ತಾ?”

“ಸುಳ್ಳು ಕಣೋ ಅದು.”

“ಉದ್ದೇಶ ಒಳ್ಳೇದೇ ಇತ್ತಲ್ಲ ಅತ್ತೆ.”

ಆ ಮಾತಿಗೆ ಆಕೆಗೆ ಮೈ ಉರಿದುಹೋಯಿತು, ಯಾಕೆಂದರೆ ಮೂರು ದಿನದಿಂದ ತನಗೆ ತಾನೇ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಫೋನು ಇಟ್ಟು ಊರ ಗುಂಪಿಗೆ ಬರೆದಳು: ‘ಉಸ್ತಾ ಸಂಗಿನ್ ಹೇಳಿದ್ದು ನಿಜ. ಅಲ್ಲೇ, ಆಗಲೇ ನನಗೆ ಅರ್ಥವಾಗಿತ್ತು. ಮರ್ಯಾದೆಗೆ ಅಂಜಿ ಅಗೆಯಿರಿ ಎಂದೆ. ಗೋಡೆ ಕೆಡವಿದವಳು ನಾನು.’

ಉತ್ತರಗಳು ಬಂದವು. ಪಾಪ, ಮುಅಲ್ಲಿಮಾಗೆ ವಯಸ್ಸಾಯಿತು. ಯಾರೋ ಹೆದರಿಸಿ ಬರೆಸಿದ್ದಾರೆ. ಒಬ್ಬನಂತೂ ಆಕೆಯ ಧೈರ್ಯಕ್ಕೆ ಹೂಗುಚ್ಛದ ಚಿತ್ರ ಕಳಿಸಿದ. ಸುಳ್ಳು ನಂಬಿದಷ್ಟು ಸುಲಭವಾಗಿ ಯಾರೂ ಆಕೆಯ ನಿಜವನ್ನು ನಂಬಲಿಲ್ಲ. ಸಂಗಿನ್‌ನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲಲ್ಲೇ ನಿಂತು, “ಮಲಗಿದಾರೆ” ಎಂದಳು. ಒಳಗಿನಿಂದ ಅವನ ಕೆಮ್ಮು ಕೇಳುತ್ತಿತ್ತು. ಈ ಊರಿನಲ್ಲಿ ಬಂದವರಿಗೆ ರೊಟ್ಟಿ ಮುಂದಿಡದೆ ಕಳಿಸುವುದಿಲ್ಲ. ಆಕೆಯನ್ನು ಕಳಿಸಿದರು.

ಮಾರ್ಚ್‌ನಲ್ಲಿ ಗುಂಪಿಗೆ ಇನ್ನೊಂದು ವಿಡಿಯೊ ಬಂತು. ಪಕ್ಕದ ಕಣಿವೆಯ ಹಳೆಯ ಗೋರಿಯ ಗುಮ್ಮಟವನ್ನು ಆಳುಗಳು ಒಂದೊಂದೇ ಇಟ್ಟಿಗೆ ಬಿಚ್ಚಿ ಇಳಿಸುತ್ತಿದ್ದರು. ತಬರ್ ಆಗಲೇ ಬಸ್ಸು ಗೊತ್ತು ಮಾಡಲು ಹೊರಟಿದ್ದ. ‘ಮುಅಲ್ಲಿಮಾ, ನೀವೊಂದು ಮಾತು ಹೇಳಿ, ಹೊರಡ್ತೀವಿ,’ ಎಂದು ಬರೆದ.

ಮುಹಯ್ಯೊ ಸಂಗಿನ್‌ಗೆ ಫೋನು ಮಾಡಿದಳು. ಮೂರನೆಯ ಸಲಕ್ಕೆ ಎತ್ತಿದ.

“ಉಸ್ತಾ, ಇದು ರಿಪೇರಿನೋ ಕೆಡವೋದೋ ನಂಗೆ ಗೊತ್ತಾಗ್ತಿಲ್ಲ.”

“ಈಗ ನನ್ನ ಕೇಳ್ತೀರಾ?”

“ಅವತ್ತು ಕೇಳಬೇಕಿತ್ತು. ಕೇಳಲಿಲ್ಲ.”

ಅತ್ತ ಸಂಗಿನ್ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ವಿಡಿಯೊ ನೋಡಿ ನಾನೂ ಹೇಳಕ್ಕಾಗಲ್ಲ. ಬೆಳಿಗ್ಗೆ ಏಳಕ್ಕೆ ವ್ಯಾನಿದೆ, ಹೋಗಿ ನೋಡಿ. ಇಳಿಸಿದ ಇಟ್ಟಿಗೆ ಎಲ್ಲಿ ಹಾಕ್ತಾರೆ ಅನ್ನೋದೇ ಮುಖ್ಯ. ನಂಬರ್ ಬರೆದು ಸಾಲಾಗಿ ಜೋಡಿಸ್ತಿದ್ರೆ ರಿಪೇರಿ. ಲಾರಿಗೆ ಎಸೀತಿದ್ರೆ ಊರು ಕರೀರಿ, ನಾನೂ ಬರ್ತೀನಿ.”

‘ನಾನು ನೋಡಿ ಬರುವವರೆಗೆ ಯಾರೂ ಹೊರಡಬೇಡಿ’ ಎಂದು ಬರೆದು ಬೆಳಿಗ್ಗೆ ವ್ಯಾನು ಹತ್ತಿದಳು. ಎರಡೂವರೆ ಗಂಟೆಯ ಹಾದಿ. ಗೋರಿಯ ಅಂಗಳದಲ್ಲಿ ಇಟ್ಟಿಗೆಗಳು ಸಾಲುಸಾಲಾಗಿ ಕೂತಿದ್ದವು, ಒಂದೊಂದರ ಮೇಲೂ ಸುಣ್ಣದಲ್ಲಿ ಬರೆದ ಅಂಕಿ. ಕೆಲಸದವರನ್ನು ಕೇಳಿದಳು, ಅವರ ಹತ್ತಿರವಿದ್ದ ನಕ್ಷೆ ನೋಡಿದಳು, ಫೋಟೊ ತೆಗೆದು ಗುಂಪಿಗೆ ಕಳಿಸಿದಳು. ‘ರಿಪೇರಿ. ನಾನೇ ನೋಡಿದೆ. ಯಾರೂ ಬರಬೇಕಾಗಿಲ್ಲ.’ ಗುಂಪಿನಲ್ಲಿ ಯಾರಿಗೂ ಸಂತೋಷವಾದಂತೆ ಕಾಣಲಿಲ್ಲ. ಬಸ್ಸು ಹೇಳಿಯಾಗಿತ್ತಲ್ಲ ಎಂದು ತಬರ್ ಗೊಣಗಿದ.

ಸಂಗಿನ್‌ಗೆ ಫೋನು ಮಾಡಿದಳು. ಈ ಸಲ ಮೊದಲ ರಿಂಗಿಗೇ ಎತ್ತಿದ.

“ನಂಬರ್ ಹಾಕಿದಾರಾ?”

“ಹಾಕಿದಾರೆ ಉಸ್ತಾ. ಸುಣ್ಣದಲ್ಲಿ.”

“ಸುಣ್ಣ ಮಳೆಗೆ ಹೋಗತ್ತೆ. ಬಣ್ಣದಲ್ಲಿ ಬರೀಬೇಕು. ಹೇಳಿ ಅವ್ರಿಗೆ.”

“ಹೇಳ್ತೀನಿ.”

“ಯಾರು ಹೇಳಿದ್ದು ಅಂತ ಕೇಳಿದ್ರೆ?”

“ಉಸ್ತಾ ಸಂಗಿನ್ ಹೇಳಿದ್ದು ಅಂತೀನಿ.”

ಅವನು ಫೋನು ಇಡಲಿಲ್ಲ. ಮುಹಯ್ಯೊ ಅದನ್ನು ಕಿವಿಗೆ ಹಿಡಿದುಕೊಂಡೇ ಕೆಲಸದವರ ಕಡೆಗೆ ನಡೆದಳು.