ಬೂದಿ ಹಚ್ಚಿಸಿಕೊಂಡ ಕ್ಯಾಮೆರಾ

ಭುವನೇಶ್ವರಿಗೆ ಕ್ಯಾಮೆರಾದ ಹುಚ್ಚು ಹಿಡಿಸಿದವಳು ಪಕ್ಕದ ಮನೆಯ ಹಜಿರಾ ಬೀ. ಮಗಳು ಬೀಬಿಜಾನಳ ನಿಕಾಹ್ ಗೊತ್ತಾಗಿತ್ತು. ಹೆಂಗಸರ ಕೋಣೆಯೊಳಗೆ ಗಂಡಸು ಫೋಟೋದವನು ಕಾಲಿಡುವಂತಿಲ್ಲ. ಕ್ಯಾಮೆರಾ ಹಿಡಿಯುವ ಹೆಂಗಸೋ, ತೊಂಬತ್ತೇಳರ ಬಸವಕಲ್ಯಾಣದಲ್ಲಿ ದೀಪ ಹಚ್ಚಿ ಹುಡುಕಿದರೂ ಇಲ್ಲ.

"ನನ್ನ ಮದುವ್ಯಾಗ ಒಂದೂ ಫೋಟೋ ತೆಗಿಲಿಲ್ಲವ್ವ. ನನ್ನ ಮಗಳಿಗೂ ಹಂಗ ಆಗೂದು ಬ್ಯಾಡ. ನೀ ಕಲಿ," ಎಂದಳು ಹಜಿರಾ ಬೀ. ಭುವನೇಶ್ವರಿ ಹೂಂ ಅಂದುಬಿಟ್ಟಳು. ಅನ್ನುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಗಂಡ ಗುರುಶಾಂತ ಅವಳನ್ನು ಹುಮನಾಬಾದಿಗೆ ಕರೆದೊಯ್ದ. ಹಳೆ ಕ್ಯಾಮೆರಾ ರಿಪೇರಿ ಮಾಡಿ ಮಾರುವ ಶಂಶುದ್ದೀನ್ ಚಾಚಾ ಎರಡನ್ನು ಮುಂದಿಟ್ಟರು. ಒಂದು ಫಳಫಳ ಹೊಳೆಯುವ ಆಟೋಮ್ಯಾಟಿಕ್; ಗುಂಡಿ ಒತ್ತಿದರೆ ಮುಗಿಯಿತು. ಇನ್ನೊಂದು ಇಪ್ಪತ್ತು ವರ್ಷದ ಹಳೆಯದು, ಒರಳುಕಲ್ಲಿನಷ್ಟು ಭಾರ. ಬೆಳಕು, ದೂರ, ವೇಗ ಎಲ್ಲವನ್ನೂ ಕೈಯಿಂದಲೇ ತಿರುಗಿಸಿ ಹೊಂದಿಸಬೇಕು.

"ಹೊಸಾದ ತೊಗೋ. ಈ ಮುದುಕನ ಸೇವಾ ಯಾರು ಮಾಡಬೇಕು?" ಎಂದ ಗುರುಶಾಂತ.

"ಕಲೀಬೇಕಂದ್ರ ಮುದುಕನ ಬೇಕು," ಎಂದರು ಚಾಚಾ. "ಇದರಾಗ ಮುಂದಿನ ಗಾಜಿನಿಂದ ಬರೂ ಬೆಳಕ ನಿನ್ನ ಕಣ್ಣಿಗೆ ಕಾಣತದ ಬೇಟಿ. ನೀ ಏನ್ ನೋಡತಿ, ರೀಲಿನ್ಯಾಗೂ ಅದೇ ಬರ್ತದ. ಒಂದು ರೀಲ್ ತೆಗಿ. ಸರಿ ಬರಲಿಲ್ಲಂದ್ರ ಬದಲ್ ಮಾಡ್ಕೊಂಡು ಹೋಗು."

ಅವಳು ಮುದುಕನನ್ನೇ ಆರಿಸಿದಳು.

ಅತ್ತೆ ಸೂಗಮ್ಮನ ಮನೆಯಲ್ಲಿ ಒಂದು ಶಿಸ್ತು. ಕುಕ್ಕರ್ ಬರಲಿ, ಸೈಕಲ್ ಬರಲಿ, ದೇವರ ಜಗಲಿಯ ಮುಂದೆ ಪೂಜೆಗೆ ಕೂತೆದ್ದ ಮೇಲೆಯೇ ಬಳಕೆಗೆ. ಕ್ಯಾಮೆರಾವೂ ಕೂತೆದ್ದಿತು. ಮರುದಿನ ಭುವನೇಶ್ವರಿ ಅತ್ತೆಯನ್ನು, ಮಾಳಿಗೆಯನ್ನು, ಓಣಿಯ ಆಡುಗಳನ್ನು ಒಂದೂ ಬಿಡದೆ ತೆಗೆದಳು. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎಲ್ಲವೂ ಮಸುಕು. ಮುದುಕನಿಗೆ ಪೊರೆ ಬಂದಿರಬೇಕು, ಫೋಟೋ ನೆಟ್ಟಗೆ ಬಂದೀತು ಅಂದುಕೊಂಡಳು.

ಬಂದದ್ದು ಹಾಲಿನಲ್ಲಿ ಅದ್ದಿದಂಥ ಫೋಟೋಗಳು. ಮದುವೆ ಎದುರಿಗೇ ನಿಂತಿದೆ, ಹಜಿರಾ ಬೀಗೆ ಯಾವ ಮುಖ ತೋರಿಸುವುದು? ಭುವನೇಶ್ವರಿ ಅತ್ತೇಬಿಟ್ಟಳು.

"ನಂದು ಚಲೋ ಬಂದದ, ಸುಕ್ಕು ಕಾಣಂಗಿಲ್ಲ," ಎಂದು ಸೂಗಮ್ಮ ತನ್ನದೊಂದನ್ನು ಎತ್ತಿಟ್ಟುಕೊಂಡಳು.

ಗಂಡಹೆಂಡತಿ ಮತ್ತೆ ಹುಮನಾಬಾದಿಗೆ ಹೋದರು. ಚಾಚಾ ಆಟೋಮ್ಯಾಟಿಕ್ ತಂದು ಮುದುಕನ ಪಕ್ಕಕ್ಕಿಟ್ಟರು. ಎರಡು ಗಾಜುಗಳು ಅಕ್ಕಪಕ್ಕ ಕೂತಾಗಲೇ ಭುವನೇಶ್ವರಿಗೆ ಕಂಡದ್ದು: ಅದರದು ತಿಳಿ, ಇದರದು ಬೆಳ್ಳಗೆ. ಬೆರಳಿನಿಂದ ಒರೆಸಿ ನೋಡಿದಳು. ದಿನಾ ಹಣೆಗೆ ಹಚ್ಚಿಕೊಳ್ಳುವ ವಿಭೂತಿ ಅವಳಿಗೆ ಗುರುತು ಸಿಗದೇ ಇದ್ದೀತೆ! ಕ್ಯಾಮೆರಾಕ್ಕೆ ಹಣೆ ಎಲ್ಲಿದೆಯೆಂದು ತಿಳಿಯದೆ ಸೂಗಮ್ಮ ಆ ದುಂಡು ಗಾಜಿಗೇ ಮೂರು ಪಟ್ಟಿ ಎಳೆದಿದ್ದಳು. ಸೊಸೆ ಬೈದಾಳೆಂದು ಸೆರಗಿನಿಂದ ಒರೆಸಿ, ಗಾಜಿನ ತುಂಬ ಹರಡಿದ್ದಳು.

ಚಾಚಾ ನಕ್ಕು ನಕ್ಕು ಕೆಮ್ಮು ಬಂದು ಕೂತರು. ಆಮೇಲೆ ಮೆತ್ತನೆ ಬಟ್ಟೆಯಿಂದ ಗಾಜು ಒರೆಸಿದರು. "ಈಗ ಯಾವುದು ಬೇಕು ಹೇಳು."

"ಮುದುಕನ ಇರ್ಲಿ ಚಾಚಾ. ಅವ ಸುಳ್ಳು ಹೇಳಿಲ್ಲ, ನಾನ ನಂಬಲಿಲ್ಲ. ಆ ಹೊಸಾದ್ರಾಗ ನೋಡೂ ಕಿಂಡಿ ಬ್ಯಾರೆ, ಗಾಜು ಬ್ಯಾರೆ. ಬೂದಿ ಬಡದಿದ್ರೂ ನನಗ ಗೊತ್ತಾಗ್ತಿದ್ದಿಲ್ಲ."

ನಿಕಾಹ್ ದಿನ ಸೂಗಮ್ಮ ವಿಭೂತಿ ಹಿಡಿದು ಬಂದಳು. ಭುವನೇಶ್ವರಿ ಗಾಜಿಗೆ ಅಂಗೈ ಅಡ್ಡ ಹಿಡಿದಳು.

"ಮುಚ್ಚಬ್ಯಾಡ ತಗಿ. ನೀ ಒಬ್ಬಾಕಿನ ಕಲೀತಿ ಏನು?" ಎಂದು ಅತ್ತೆ ಸೊಸೆಯ ಹಣೆಗೇ ಪಟ್ಟಿ ಎಳೆದಳು.

ಹೆಂಗಸರ ಕೋಣೆಯಲ್ಲಿ ಕಿಟಕಿಯ ಬೆಳಕು ಒಳ್ಳೆಯದಿತ್ತು. ಭುವನೇಶ್ವರಿ ಉಸಿರು ಹಿಡಿದು ಗಾಜಿನ ಸುತ್ತಲಿನ ಬಳೆಯಂಥ ಉಂಗುರ ತಿರುಗಿಸಿದಳು. ಕಿಂಡಿಯಲ್ಲಿ ಎಲ್ಲವೂ ತಿಳಿಯಾಗಿತ್ತು. ಬೀಬಿಜಾನ ಮುಸುಕು ಸರಿಸಿ ನಕ್ಕಳು, ಥೇಟ್ ತಾಯಿಯ ನಗು.

ಫೋಟೋ ಬಂದ ದಿನ ಹಜಿರಾ ಬೀ ಆ ನಗುವನ್ನು ಕೈಯಲ್ಲಿ ಹಿಡಿದು ಕಣ್ಣ ಹತ್ತಿರ ತಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ನನ್ನ ಮದುವಿ ದಿನ ನಾ ಹ್ಯಾಂಗ ಇದ್ದೆ ಅಂತ ಇವತ್ತ ನೋಡಿದೆನವ್ವ," ಎಂದಳು.